ಟೈಪ್ 1 ಡಯಾಬಿಟಿಸ್ ಇರುವ ಮಗಳ ಹೃದಯ ಹಾಳಾಗುತ್ತಿದೆಯಾ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಏಳನೇ ವಯಸ್ಸಿನಲ್ಲಿ ಟೈಪ್ 1 ಡಯಾಬಿಟಿಸ್ ಬಂತು. ಈಗ ತೂಕ 40 ಕೆ.ಜಿ. ದಿನಕ್ಕೆ ಎಲ್ಲಾ ಸೇರಿ 28 ಯೂನಿಟ್ ಇನ್ಸುಲಿನ್ ಕೊಡುತ್ತೇವೆ. ಎರಡು ವರ್ಷದಿಂದ ಹೆಚ್ಚುಕಮ್ಮಿ ಇದೇ ಡೋಸ್. ಹೊಟ್ಟೆಯ ಎಡಗಡೆ ಬಿಟ್ಟು ಬೇರೆ ಕಡೆ ಚುಚ್ಚಲು ಬಿಡುವುದಿಲ್ಲ, ನೋವಾಗುತ್ತೆ ಅಂತಾಳೆ. ಹಿಂದಿನ ಮೂರು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ವರದಿಗಳು 8.4, 8.8, 9.1. ಈಚೆಗೆ ಆಗಾಗ ಎದೆ ಡವಡವ ಅನ್ನುತ್ತೆ ಅಂದಳು, ಅದಕ್ಕೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ‘ಇಜೆಕ್ಷನ್ ಫ್ರಾಕ್ಷನ್ 64%, ನಾರ್ಮಲ್. ಎಡ ಕೆಳ ಕೋಣೆ ಸಡಿಲಗೊಳ್ಳುವುದು ಸ್ವಲ್ಪ ನಿಧಾನ, ಸ್ಟ್ರೇನ್ ಸ್ವಲ್ಪ ಕಡಿಮೆ’ ಎಂದು ಬರೆದಿದ್ದಾರೆ. ಹತ್ತು ವರ್ಷದೊಳಗೆ ಶುಗರ್ ಬಂದವರಿಗೆ ಹೃದಯದ ಕಾಯಿಲೆ 30 ಪಟ್ಟು ಜಾಸ್ತಿ ಎಂದು ಓದಿದ ಮೇಲೆ ನಿದ್ದೆಯೇ ಇಲ್ಲ. ಹೋದ ವರ್ಷ ಒಂದು ರಾತ್ರಿ ಶುಗರ್ 41ಕ್ಕೆ ಇಳಿದು ಬೆವೆತು ಒದ್ದಾಡಿದಳು. ನಿದ್ದೆಯಲ್ಲೇ ಮಕ್ಕಳು ಹೋಗಿಬಿಡುತ್ತಾರೆ ಎಂದೂ ಓದಿದ್ದೇನೆ. ಹಾಗಾಗಿ ಈಗ ಮಲಗುವಾಗ 250 ಇರುವಂತೆ ಏನಾದರೂ ತಿನ್ನಿಸಿ ಮಲಗಿಸುತ್ತೇನೆ. ಬ್ಯಾಡ್ಮಿಂಟನ್ ಬಿಡಿಸಿದ್ದೇವೆ. ಅವಳ ಹೃದಯ ಹಾಳಾಗುತ್ತಿದೆಯಾ? ಪ್ರತಿ ವರ್ಷ ಎಕೋ ಮಾಡಿಸಬೇಕಾ? ಆಟ ಆಡಬಹುದಾ? ಇದನ್ನೆಲ್ಲ ಅವಳಿಗೆ ಹೇಗೆ ಹೇಳಲಿ?

ಉತ್ತರ:

ಮೊದಲು ನಿಮ್ಮ ಎದೆಭಾರ ಸ್ವಲ್ಪ ಇಳಿಸುತ್ತೇನೆ. ನೀವು ಬರೆದಿರುವ ಎಕೋ ವರದಿಯಲ್ಲಿ ನಿಮ್ಮ ಮಗಳಿಗೆ ಹೃದ್ರೋಗ ಇದೆ ಎನ್ನುವಂಥದ್ದು ಏನೂ ಇಲ್ಲ. ಅದರಲ್ಲಿರುವುದು ತುಂಬ ಸಣ್ಣ ವ್ಯತ್ಯಾಸ. ಶುಗರ್ ಹಿಡಿತದಲ್ಲಿ ಇರದ ಎಷ್ಟೋ ಮಕ್ಕಳಲ್ಲಿ ಇದು ಕಾಣುತ್ತದೆ. ಅದರಿಂದ ಅವಳಿಗೆ ಇವತ್ತು ಯಾವ ತೊಂದರೆಯೂ ಇಲ್ಲ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಎಕೋ ಮೇಲಲ್ಲ. 8.4, 8.8, 9.1 ಎಂದು ಏರುತ್ತಾ ಹೋಗಿರುವ ಆ ಮೂರು ಸಂಖ್ಯೆ, ಮಲಗುವಾಗಿನ 250, ಎರಡು ವರ್ಷದಿಂದ ಬದಲಾಗದ ಡೋಸ್, ಮತ್ತೆ ಹೊಟ್ಟೆಯ ಎಡಗಡೆ. ಮುಂದಿನ ಇಪ್ಪತ್ತು ಮೂವತ್ತು ವರ್ಷ ಅವಳ ಹೃದಯ ಹೇಗಿರುತ್ತದೆ ಎಂಬುದಕ್ಕೆ ಎಕೋಗಿಂತ ಇವೇ ಮುಖ್ಯ. ಇವೆಲ್ಲ ಸರಿಮಾಡಲು ಆಗುವಂಥವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶುಗರ್‌ಗೂ ಹೃದಯಕ್ಕೂ ಏನು ಸಂಬಂಧ ಎನ್ನುವುದು ಗೊತ್ತಾದರೆ ವರದಿಯೂ ಅರ್ಥವಾಗುತ್ತದೆ.

ಹೃದಯಕ್ಕೆ ಎರಡು ಕೆಲಸ. ಹಿಂಡಿಕೊಂಡು ರಕ್ತವನ್ನು ಹೊರಗೆ ತಳ್ಳುವುದು ಒಂದು. ಆಮೇಲೆ ಸಡಿಲಗೊಂಡು ರಕ್ತ ತುಂಬಿಸಿಕೊಳ್ಳುವುದು ಇನ್ನೊಂದು. ಸಡಿಲಗೊಳ್ಳುವುದು ಎಂದರೆ ಸುಮ್ನೆ ಬಿಟ್ಟುಬಿಡುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹಿಂಡುವಾಗ ಸ್ನಾಯುವಿನ ಜೀವಕೋಶದೊಳಗೆ ಬಿಡುಗಡೆಯಾದ ಕ್ಯಾಲ್ಸಿಯಂ ಅನ್ನು ಪ್ರತಿ ಬಡಿತದಲ್ಲೂ ವಾಪಸ್ ಒಳಗೆಳೆದು ಇಡಬೇಕು. ಅದಕ್ಕೂ ಶಕ್ತಿ ಬೇಕು. ಹಾಗಾಗಿ ಹೃದಯದ ಸ್ನಾಯುವಿಗೆ ಏನೇ ಕಷ್ಟವಾದರೂ ಎಷ್ಟೋ ಸಲ ಮೊದಲು ನಿಧಾನವಾಗುವುದು ಈ ಸಡಿಲಗೊಳ್ಳುವ ಕೆಲಸ. ಹಿಂಡುವ ಬಲ ತುಂಬ ಕಾಲ ಚೆನ್ನಾಗಿಯೇ ಇರುತ್ತದೆ.

ಹೃದಯ ಹೆಚ್ಚಾಗಿ ಕೊಬ್ಬನ್ನು ಉರಿಸಿ ಓಡುತ್ತದೆ. ಜೊತೆಗೆ ಸ್ವಲ್ಪ ಸಕ್ಕರೆಯನ್ನೂ ಬಳಸುತ್ತದೆ. ಇನ್ಸುಲಿನ್ ಸಾಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಅದು ಸ್ನಾಯುವಿನ ಒಳಗೆ ಸರಿಯಾಗಿ ಹೋಗುವುದಿಲ್ಲ. ಆಗ ಹೃದಯ ಇನ್ನೂ ಜಾಸ್ತಿ ಕೊಬ್ಬನ್ನೇ ಉರಿಸಬೇಕಾಗುತ್ತದೆ. ಅಷ್ಟೇ ಕೆಲಸಕ್ಕೆ ಹೆಚ್ಚು ಆಮ್ಲಜನಕ ಖರ್ಚಾಗುತ್ತದೆ. ಇನ್ನೊಂದು ಕಡೆ, ರಕ್ತದಲ್ಲಿ ಜಾಸ್ತಿ ಇರುವ ಸಕ್ಕರೆ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಹೀಮೋಗ್ಲೋಬಿನ್‌ಗೆ ಅಂಟಿಕೊಂಡದ್ದನ್ನು ನಾವು ಎಚ್‌ಬಿಎ1ಸಿ ಎಂದು ಅಳೆಯುತ್ತೇವೆ. ಕೆಂಪು ರಕ್ತಕಣ ಸುಮಾರು ನಾಲ್ಕು ತಿಂಗಳಿಗೆ ಸತ್ತು ಹೊಸದು ಬರುತ್ತದೆ. ಆದ್ದರಿಂದ ಅಲ್ಲಿ ಅಂಟಿದ್ದು ಅದರ ಜೊತೆಗೇ ಹೋಗುತ್ತದೆ. ಆದರೆ ಹೃದಯದಲ್ಲಿ, ರಕ್ತನಾಳದ ಗೋಡೆಯಲ್ಲಿ ಕೊಲಾಜನ್ ಎಂಬ ನಾರು ಇದೆ. ಅದು ವರ್ಷಗಟ್ಟಲೆ ಹಾಗೇ ಇರುತ್ತದೆ. ಅದಕ್ಕೆ ಅಂಟಿದ ಸಕ್ಕರೆ ನಾರುಗಳನ್ನು ಒಂದಕ್ಕೊಂದು ಹೆಣೆದು ಬಿಗಿ ಮಾಡುತ್ತದೆ. ರಕ್ತನಾಳದ ಒಳಪದರದ್ದೂ ಇದೇ ಕತೆ. ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಅಲ್ಲಿ ತಯಾರಾಗುತ್ತದೆ. ಶುಗರ್ ಜಾಸ್ತಿ ಇದ್ದಷ್ಟು ಕಾಲ ಅದು ಕಡಿಮೆಯಾಗುತ್ತದೆ.

ಈಗ ವರದಿಗೆ ಬನ್ನಿ. ಇಜೆಕ್ಷನ್ ಫ್ರಾಕ್ಷನ್ ಎಂದರೆ ಎಡ ಕೆಳ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಭಾಗವನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಎಂಬ ಲೆಕ್ಕ. 55ರ ಮೇಲಿದ್ದರೆ ಚೆನ್ನಾಗಿದೆ ಎಂದೇ ಅರ್ಥ. ನಿಮ್ಮ ಮಗಳದ್ದು 64. ಸಡಿಲಗೊಳ್ಳುವುದು ನಿಧಾನ ಎಂದರೆ ಕೋಣೆ ತುಂಬಿಕೊಳ್ಳುವಾಗ ಸ್ವಲ್ಪ ಬಿಗಿ ಇದೆ ಎಂದು. ಹೊಸ ಬಲೂನಿಗೆ ಮೊದಲ ಸಲ ಊದುವಾಗ ಸ್ವಲ್ಪ ಜಾಸ್ತಿ ಉಸಿರು ಬೇಕಲ್ವಾ, ಹಾಗೆ. ಸ್ಟ್ರೇನ್ ಎನ್ನುವುದು ಹಿಂಡುವಾಗ ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಅಳತೆ. ಇಜೆಕ್ಷನ್ ಫ್ರಾಕ್ಷನ್‌ಗಿಂತ ಸೂಕ್ಷ್ಮವಾದದ್ದು. ಟೈಪ್ 1 ಇರುವ ಮಕ್ಕಳನ್ನೂ ಅದೇ ವಯಸ್ಸಿನ ಬೇರೆ ಮಕ್ಕಳನ್ನೂ ಹೋಲಿಸಿದ ಹಲವು ಅಧ್ಯಯನಗಳಲ್ಲಿ ಈ ಎರಡು ಅಳತೆಗಳಲ್ಲಿ ಸಣ್ಣ ವ್ಯತ್ಯಾಸ ಸಿಕ್ಕಿದೆ. ಎಚ್‌ಬಿಎ1ಸಿ ಜಾಸ್ತಿ ಇರುವವರಲ್ಲಿ ವ್ಯತ್ಯಾಸವೂ ಜಾಸ್ತಿ ಎಂದು ಅವುಗಳಲ್ಲಿ ಕೆಲವು ಹೇಳುತ್ತವೆ. ಆ ಮಕ್ಕಳು ಆಡಿಕೊಂಡು ಓಡಿಕೊಂಡು ಇರುವವರೇ.

ಒಂದು ಮಾತು ನೆನಪಿರಲಿ. ಈ ಅಳತೆಗಳು ಮಷಿನ್‌ನಿಂದ ಮಷಿನ್‌ಗೆ, ಮಾಡುವವರಿಂದ ಮಾಡುವವರಿಗೆ ಬದಲಾಗುತ್ತವೆ. ಮಗು ಹೆದರಿಕೊಂಡು ಮಲಗಿ ಬಡಿತ 110 ಇದ್ದರೆ ಒಂದು ಸಂಖ್ಯೆ, ಸಮಾಧಾನವಾಗಿ 80 ಇದ್ದರೆ ಇನ್ನೊಂದು. ಆದ್ದರಿಂದಲೇ ಡಯಾಬಿಟಿಸ್ ಇದೆ ಎಂಬ ಒಂದೇ ಕಾರಣಕ್ಕೆ ಮಕ್ಕಳಿಗೆ ವರ್ಷವರ್ಷ ಎಕೋ ಮಾಡಿಸಿ ಎಂದು ಮಕ್ಕಳ ಡಯಾಬಿಟಿಸ್‌ನ ಮುಖ್ಯ ಮಾರ್ಗಸೂಚಿಗಳು ಹೇಳುವುದಿಲ್ಲ. ನಿಮ್ಮ ಮಗಳಿಗೆ ಒಮ್ಮೆ ಮಾಡಿಸಿದ್ದು ಸರಿ, ಅವಳು ಎದೆ ಡವಡವ ಎಂದಳು. ಮತ್ತೆ ಬೇಕಾ, ಯಾವಾಗ ಎಂದು ಹೃದಯದ ಡಾಕ್ಟರು ಹೇಳಲಿ. ನನ್ನನ್ನು ಕೇಳಿದರೆ, ಶುಗರ್ ಕೆಲವು ತಿಂಗಳು ಚೆನ್ನಾಗಿ ಹಿಡಿತಕ್ಕೆ ಬಂದ ಮೇಲೆ ಒಂದು ಸಲ ನೋಡಿದರೆ ಅದಕ್ಕೆ ಅರ್ಥವಿದೆ. 9.1 ಇರುವಾಗಲೇ ಆರು ತಿಂಗಳಿಗೊಮ್ಮೆ ನೋಡುತ್ತಾ ಕೂತರೆ ಹೆದರಿಕೆ ಜಾಸ್ತಿಯಾಗುತ್ತದೆ, ಅಷ್ಟೇ.

ಇನ್ನು ಆ 30 ಪಟ್ಟು. ನೀವು ಓದಿದ್ದು ಸುಳ್ಳಲ್ಲ. ಸ್ವೀಡನ್ನಿನ ರಾಷ್ಟ್ರೀಯ ಡಯಾಬಿಟಿಸ್ ನೋಂದಣಿಯ ದಾಖಲೆ ಇಟ್ಟುಕೊಂಡು 2018ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಹತ್ತು ವರ್ಷದೊಳಗೆ ಟೈಪ್ 1 ಬಂದವರಲ್ಲಿ, ಹೃದಯದ ರಕ್ತನಾಳದ ಕಾಯಿಲೆ ಬರುವ ಅಪಾಯ ಅದೇ ವಯಸ್ಸಿನ ಬೇರೆಯವರಿಗಿಂತ ಸುಮಾರು 30 ಪಟ್ಟು ಎಂದು ಅದರಲ್ಲಿತ್ತು. ಆದರೆ ಪಟ್ಟು ಎನ್ನುವ ಲೆಕ್ಕ ಹೇಗೆ ಎಂದು ನೋಡಬೇಕು. ಅಲ್ಲಿ ಹೋಲಿಸಿದ್ದು ಬಹುಪಾಲು ಚಿಕ್ಕ ವಯಸ್ಸಿನವರನ್ನು. ಆ ವಯಸ್ಸಿನಲ್ಲಿ ಬೇರೆಯವರಿಗೆ ಹೃದಯಾಘಾತ ಆಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಷ್ಟು ಚಿಕ್ಕ ಸಂಖ್ಯೆಯನ್ನು 30ರಿಂದ ಗುಣಿಸಿದರೂ ಬರುವುದು ಚಿಕ್ಕ ಸಂಖ್ಯೆಯೇ. ಜೊತೆಗೆ, ಅವರಲ್ಲಿ ಎಷ್ಟೋ ಜನ ಬೆಳೆದದ್ದು ಈಗಿನ ಇನ್ಸುಲಿನ್, ಮೈಗೆ ಅಂಟಿಸಿ ಶುಗರ್ ನೋಡುವ ಸೆನ್ಸರ್ ಯಾವುದೂ ಇಲ್ಲದ ಕಾಲದಲ್ಲಿ. ಹಾಗಂತ ಆ ಅಧ್ಯಯನವನ್ನು ಪಕ್ಕಕ್ಕಿಡಲು ನಾನು ಹೇಳುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಬಂದರೆ ಹೃದಯ ಹೆಚ್ಚು ವರ್ಷ ಆ ಸಕ್ಕರೆಯ ಜೊತೆ ಬಾಳಬೇಕು. ಆದ್ದರಿಂದ ಇಂಥ ಮಕ್ಕಳಲ್ಲಿ ‘ಇನ್ನೂ ಚಿಕ್ಕವಳು, ದೊಡ್ಡವಳಾದ ಮೇಲೆ ನೋಡೋಣ’ ಎನ್ನುವ ಮಾತು ನಡೆಯುವುದಿಲ್ಲ.

ಇದಕ್ಕಿಂತ ನೀವು ಇನ್ನೊಂದು ಅಧ್ಯಯನದ ಬಗ್ಗೆ ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ. ಡಿಸಿಸಿಟಿ ಎಂದು ಅದರ ಹೆಸರು. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆಯಿತು. ಟೈಪ್ 1 ಇದ್ದ 1441 ಜನ, 13ರಿಂದ 39 ವರ್ಷದವರು. ಅರ್ಧ ಜನಕ್ಕೆ ಆಗಿನ ಮಾಮೂಲಿ ಚಿಕಿತ್ಸೆ, ಅವರ ಎಚ್‌ಬಿಎ1ಸಿ ಸುಮಾರು 9. ಉಳಿದವರಿಗೆ ಬಿಗಿಯಾದ ಚಿಕಿತ್ಸೆ, ಅವರದ್ದು ಸುಮಾರು 7. ಸರಾಸರಿ ಆರೂವರೆ ವರ್ಷ ಹೀಗೆ ನಡೆಸಿ, ಆಮೇಲೆ ಎಲ್ಲರಿಗೂ ಬಿಗಿಯಾದ ಚಿಕಿತ್ಸೆಯನ್ನೇ ಕಲಿಸಿದರು. ಅವರನ್ನು ಹಾಗೇ ನೋಡುತ್ತಾ ಹೋದರು. ಕೆಲವೇ ವರ್ಷಗಳಲ್ಲಿ ಎರಡೂ ಗುಂಪಿನ ಎಚ್‌ಬಿಎ1ಸಿ 8ರ ಆಸುಪಾಸಿಗೆ ಬಂದು ಒಂದೇ ಆಯಿತು. ಆದರೂ 2005ರಲ್ಲಿ ಲೆಕ್ಕ ಹಾಕಿದಾಗ, ಮೊದಲಿಂದ ಬಿಗಿ ಚಿಕಿತ್ಸೆ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆಗಳು 42% ಕಡಿಮೆ ಇದ್ದವು. ಹೃದಯಾಘಾತ, ಸ್ಟ್ರೋಕ್, ಹೃದಯದ ಕಾಯಿಲೆಯಿಂದ ಸಾವು ಎಂಬ ದೊಡ್ಡ ತೊಂದರೆಗಳನ್ನಷ್ಟೇ ತೆಗೆದುಕೊಂಡರೆ 57% ಕಡಿಮೆ. ಅಂದರೆ ಆ ಆರೂವರೆ ವರ್ಷ ಶುಗರ್ ಚೆನ್ನಾಗಿಟ್ಟುಕೊಂಡದ್ದು ಹತ್ತು ಹದಿನೈದು ವರ್ಷ ಆದ ಮೇಲೂ ಅವರನ್ನು ಕಾಯಿತು. ನಿಮ್ಮ ಮಗಳು 12ರಿಂದ 18ರವರೆಗೆ ಕಳೆಯುವ ವರ್ಷಗಳೂ ಸುಮಾರು ಅಷ್ಟೇ.

ಹಾಗಾದರೆ ಎಷ್ಟಿರಬೇಕು? ಎಚ್‌ಬಿಎ1ಸಿ 7ರ ಒಳಗೆ ಎಂಬುದು ಬಹುಪಾಲು ಮಕ್ಕಳಿಗೆ ಗುರಿ. 9.1 ಎಂದರೆ ದಿನದ ಸರಾಸರಿ ಸುಮಾರು 214. 8 ಎಂದರೆ 183. 7 ಎಂದರೆ 154. ಒಂದೇ ಸಲಕ್ಕೆ 7 ಮುಟ್ಟಬೇಕು ಎಂದು ಹೊರಡಬೇಡಿ. 9ರಿಂದ 8ಕ್ಕೆ ಇಳಿದರೂ ರಕ್ತನಾಳಗಳಿಗೆ ದೊಡ್ಡ ಲಾಭ. ಸೆನ್ಸರ್ ಹಾಕಿದ್ದರೆ 70ರಿಂದ 180ರ ಒಳಗೆ ದಿನದ 70% ಸಮಯ ಇರಲಿ, 70ರ ಕೆಳಗೆ 4%ಗಿಂತ ಕಡಿಮೆ ಇರಲಿ.

ಇನ್ನು ರಾತ್ರಿಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಇದೇ. 41ಕ್ಕೆ ಇಳಿದು ಮಗು ಒದ್ದಾಡುವುದನ್ನು ಕಣ್ಣಾರೆ ಕಂಡ ತಾಯಿಗೆ ಹೆದರಬೇಡಿ ಎನ್ನುವುದು ಸುಲಭದ ಮಾತಲ್ಲ. ಶುಗರ್ ತುಂಬ ಇಳಿದಾಗ ಹೃದಯಕ್ಕೂ ತೊಂದರೆ ಆಗುತ್ತದೆ, ಅದು ನಿಜ. ಅಡ್ರಿನಲಿನ್ ಒಮ್ಮೆಲೇ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ, ಇಸಿಜಿಯಲ್ಲಿ ಕ್ಯೂಟಿ ಎಂಬ ಅವಧಿ ಉದ್ದವಾಗುತ್ತದೆ, ಆಗ ಬಡಿತದ ಲಯ ತಪ್ಪಬಹುದು. ನಿದ್ದೆಯಲ್ಲೇ ಸಾವು ಎಂದು ನೀವು ಓದಿದ ಅಪರೂಪದ ಘಟನೆಗಳ ಹಿಂದೆ ಇದೇ ಇರಬಹುದು ಎಂಬ ಅನುಮಾನ ಡಾಕ್ಟರುಗಳಿಗಿದೆ. ಆದರೆ ಅವು ತುಂಬ ಅಪರೂಪ. ಆ ಅಪರೂಪದ್ದಕ್ಕೆ ಹೆದರಿ ಪ್ರತಿ ರಾತ್ರಿ 250ರಲ್ಲಿ ಮಲಗಿಸಿದರೆ ಏನಾಗುತ್ತದೆ ನೋಡಿ. ರಾತ್ರಿ ಎಂದರೆ ಎಂಟು ಒಂಬತ್ತು ಗಂಟೆ, ದಿನದ ಮೂರನೇ ಒಂದು ಭಾಗದಷ್ಟಾದರೂ ಆಯಿತು. ಅಷ್ಟೂ ಹೊತ್ತು ಶುಗರ್ 250, 280ರಲ್ಲೇ ಇದ್ದರೆ ಹಗಲಿನಲ್ಲಿ ನೀವು ಎಷ್ಟು ಕಷ್ಟಪಟ್ಟರೂ ಎಚ್‌ಬಿಎ1ಸಿ 8ರ ಒಳಗೆ ಬರುವುದು ಬಹಳ ಕಷ್ಟ.

ಇದಕ್ಕೆ ದಾರಿ ಇದೆ. ಮಲಗುವಾಗ 90ರಿಂದ 150 ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ನೀವು ಅಲ್ಲಿಗೆ ಒಂದೇ ಸಲ ಬರಬೇಡಿ. ಮೊದಲು ಡಾಕ್ಟರ ಜೊತೆ ಕೂತು ಹೋದ ವರ್ಷದ ಆ ರಾತ್ರಿ ಯಾಕೆ ಇಳಿಯಿತು ಎಂದು ಹುಡುಕಿ. ಅವತ್ತು ಸಂಜೆ ಜಾಸ್ತಿ ಆಡಿದ್ದಳಾ? ಊಟ ಕಡಿಮೆ ಮಾಡಿದ್ದಳಾ? ಮಲಗುವ ಮುಂಚೆ ಶುಗರ್ ಜಾಸ್ತಿ ಇದೆ ಎಂದು ಇನ್ನೊಂದು ಸಲ ಚುಚ್ಚಿದ್ದಿರಾ? ಬಹಳ ಸಲ ಇವುಗಳಲ್ಲಿ ಒಂದು ಸಿಗುತ್ತದೆ. ಕಾರಣ ಸಿಕ್ಕಿದರೆ ಅದಕ್ಕೆ ತಕ್ಕಂತೆ ಡೋಸ್ ಬದಲಿಸಬಹುದು. ಆಮೇಲೆ ಮಲಗುವಾಗಿನ ಶುಗರ್ ಅನ್ನು 250ರಿಂದ 200ಕ್ಕೆ, ಅಲ್ಲಿಂದ 170ಕ್ಕೆ ಹೀಗೆ ಇಳಿಸುತ್ತಾ ಹೋಗಿ. ಆ ದಿನಗಳಲ್ಲಿ ರಾತ್ರಿ ಎರಡು ಮೂರು ಗಂಟೆಗೆ ಒಮ್ಮೆ ನೋಡಿ. ಅಲಾರಂ ಇರುವ ಸೆನ್ಸರ್ ಹಾಕಿಸಲು ಸಾಧ್ಯವಾದರೆ ಹಾಕಿಸಿ. ನಿಮ್ಮಂಥ ತಾಯಂದಿರಿಗೆ ಅದಕ್ಕಿಂತ ಒಳ್ಳೆಯ ನಿದ್ದೆಯ ಮದ್ದು ನಾನು ಕಂಡಿಲ್ಲ. ಮನೆಯಲ್ಲಿ ಗ್ಲೂಕಗಾನ್ (ಶುಗರ್ ಬೇಗ ಏರಿಸುವ ಔಷಧ) ಇಟ್ಟುಕೊಳ್ಳಿ. ನಿಮ್ಮ ಮಗಳ ತೂಕಕ್ಕೆ ಇಂಜೆಕ್ಷನ್‌ನಲ್ಲಿ 1 ಮಿ.ಗ್ರಾಂ. ಹೇಗೆ ಕೊಡುವುದು ಎಂದು ನೀವಿಬ್ಬರೂ ಕಲಿತಿರಿ. ಮಗುವಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಶುಗರ್ ಚೆನ್ನಾಗಿಟ್ಟರೆ ಲೋ ಆಗುವುದು, ಅಂದರೆ ಶುಗರ್ ತೀರಾ ಇಳಿದುಬಿಡುವುದು, ಜಾಸ್ತಿ ಎಂಬ ಭಯ ಡಿಸಿಸಿಟಿ ಕಾಲದಲ್ಲಿ ನಿಜವೇ ಆಗಿತ್ತು. ಬಿಗಿ ಚಿಕಿತ್ಸೆಯ ಗುಂಪಿನಲ್ಲಿ ತೀವ್ರ ಲೋ ಸುಮಾರು ಮೂರು ಪಟ್ಟು ಇತ್ತು. ಈಗ ಹಾಗಿಲ್ಲ. ಈಚಿನ ದೊಡ್ಡ ನೋಂದಣಿ ದಾಖಲೆಗಳಲ್ಲಿ ಎಚ್‌ಬಿಎ1ಸಿ ಕಡಿಮೆ ಇರುವ ಮಕ್ಕಳಲ್ಲಿ ತೀವ್ರ ಲೋ ಮೊದಲಿನಂತೆ ಜಾಸ್ತಿ ಕಾಣುತ್ತಿಲ್ಲ.

ಹಗಲಿನ ಶುಗರ್ ಯಾಕೆ ಏರುತ್ತಿದೆ? ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ. 40 ಕೆ.ಜಿ.ಗೆ 28 ಯೂನಿಟ್ ಎಂದರೆ ಕೆ.ಜಿ.ಗೆ 0.7. ಚಿಕ್ಕ ಮಕ್ಕಳಿಗೆ ಇದು ಸಾಕು. ಆದರೆ 12ನೇ ವಯಸ್ಸು ಎಂದರೆ ಮೈನೆರೆಯುವ ಕಾಲ. ಬೆಳವಣಿಗೆಯ ಹಾರ್ಮೋನು ಏರುತ್ತದೆ, ಅದು ಇನ್ಸುಲಿನ್ ಕೆಲಸ ಮಾಡಲು ಬಿಡುವುದಿಲ್ಲ. ಈ ವಯಸ್ಸಿನಲ್ಲಿ ಕೆ.ಜಿ.ಗೆ 1.2, ಕೆಲವರಿಗೆ 2 ಯೂನಿಟ್‌ವರೆಗೂ ಬೇಕಾಗುತ್ತದೆ. ಎರಡು ವರ್ಷದಲ್ಲಿ ಮಗು ಬೆಳೆದಿದ್ದಾಳೆ, ಡೋಸ್ ಅಲ್ಲೇ ನಿಂತಿದೆ. ಹಾಗಂತ ನೀವೇ ಏರಿಸಬೇಡಿ. ಎರಡು ವಾರದ ಶುಗರ್ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ, ಇದನ್ನೇ ಕೇಳಿ.

ಎರಡನೆಯದು ಹೊಟ್ಟೆಯ ಎಡಗಡೆ. ಇವತ್ತು ರಾತ್ರಿ ಅವಳನ್ನು ಮಲಗಿಸಿ ಆ ಜಾಗದ ಮೇಲೆ ಬೆರಳಿನ ತುದಿಯಿಂದ ಮೆಲ್ಲಗೆ ಸವರಿ ನೋಡಿ. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತದೆ. ಬಲಗಡೆಗಿಂತ ದಪ್ಪ, ಮೆತ್ತಗೆ ಉಬ್ಬಿದ ಹಾಗೆ ಅಥವಾ ಗಟ್ಟಿ ಗಂಟಿನ ಹಾಗೆ. ಒಂದೇ ಕಡೆ ಚುಚ್ಚುತ್ತಾ ಹೋದರೆ ಚರ್ಮದ ಕೆಳಗೆ ಕೊಬ್ಬು ಹೀಗೆ ಕಟ್ಟಿಕೊಳ್ಳುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಮಕ್ಕಳು ಅಲ್ಲೇ ಚುಚ್ಚಿಸಿಕೊಳ್ಳುತ್ತಾರೆ. ಆದರೆ ಅಲ್ಲಿಗೆ ಹೋದ ಇನ್ಸುಲಿನ್ ಯಾವಾಗ ಎಷ್ಟು ರಕ್ತಕ್ಕೆ ಸೇರುತ್ತದೆ ಎಂದು ಹೇಳಲು ಬರುವುದಿಲ್ಲ. ಒಂದು ದಿನ ಊಟ ಆದ ಮೇಲೆ 320, ಇನ್ನೊಂದು ದಿನ ಕಾರಣವೇ ಇಲ್ಲದೆ ಲೋ. ಗಂಟು ಸಿಕ್ಕಿದರೆ ಆ ಜಾಗಕ್ಕೆ ಕೆಲವು ತಿಂಗಳು ರಜೆ ಕೊಡಿ. ತೊಡೆ, ಸೊಂಟದ ಕೆಳಗಿನ ಹಿಂಭಾಗ, ಹೊಟ್ಟೆಯ ಬಲಗಡೆ ಹೀಗೆ ಸುತ್ತು ಹಾಕಿ. ಸೂಜಿ 4 ಮಿ.ಮೀ. ಇದ್ದರೆ ನೋವು ಕಡಿಮೆ. ಒಂದು ಎಚ್ಚರ: ಒಳ್ಳೆಯ ಜಾಗಕ್ಕೆ ಚುಚ್ಚಿದಾಗ ಅದೇ ಡೋಸ್ ಜಾಸ್ತಿ ಕೆಲಸ ಮಾಡಿ ಶುಗರ್ ಇಳಿಯಬಹುದು. ಆದ್ದರಿಂದ ಜಾಗ ಬದಲಿಸುವುದನ್ನು ಡಾಕ್ಟರಿಗೆ ತಿಳಿಸಿಯೇ ಮಾಡಿ, ಆ ದಿನಗಳಲ್ಲಿ ಮೀಟರ್ ಜಾಸ್ತಿ ಸಲ ನೋಡಿ.

ಊಟದ ಇನ್ಸುಲಿನ್ ಯಾವಾಗ ಕೊಡುತ್ತೀರಿ ಎಂದು ನೀವು ಬರೆದಿಲ್ಲ. ಬೇಗ ಕೆಲಸ ಮಾಡುವ ಇನ್ಸುಲಿನ್ ಆದರೆ ಊಟಕ್ಕೆ ಸುಮಾರು 15 ನಿಮಿಷ ಮುಂಚೆ ಕೊಡಬೇಕು. ಊಟ ಆದ ಮೇಲೆ ಕೊಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಚಿಕ್ಕಂದಿನಿಂದ ಉಳಿದುಬಿಟ್ಟಿರುತ್ತದೆ. ಆ ಒಂದು ಬದಲಾವಣೆಯಿಂದಲೇ ಊಟದ ನಂತರದ ಏರಿಕೆ ಎಷ್ಟೋ ಇಳಿಯುತ್ತದೆ.

ಇನ್ನು ಎದೆ ಡವಡವ. ಇದನ್ನು ಪತ್ತೆ ಮಾಡಲು ಒಳ್ಳೆಯ ಸಾಧನ ನಿಮ್ಮ ಕೈಯಲ್ಲೇ ಇದೆ. ಅವಳು ಹಾಗೆ ಹೇಳಿದ ತಕ್ಷಣ ಶುಗರ್ ನೋಡಿ, ನಾಡಿ ಎಣಿಸಿ, ಬರೆದಿಡಿ. 70ರ ಕೆಳಗಿದ್ದರೆ ಅದು ಲೋ, ಅಡ್ರಿನಲಿನ್‌ನಿಂದ ಬಂದ ಡವಡವ. ಸಕ್ಕರೆ ಕೊಟ್ಟರೆ ಹೋಗುತ್ತದೆ. ಬಹಳ ದಿನ ಶುಗರ್ ಜಾಸ್ತಿ ಇದ್ದ ಮಕ್ಕಳಿಗೆ 250ರಿಂದ ಬೇಗನೆ 110ಕ್ಕೆ ಇಳಿದರೂ ಲೋ ಆದ ಹಾಗೇ ಅನಿಸುತ್ತದೆ. ಶುಗರ್ ತುಂಬ ಜಾಸ್ತಿ ಇದ್ದು ಮೂತ್ರ ಹೋಗಿ ಹೋಗಿ ಮೈಯಲ್ಲಿ ನೀರು ಕಡಿಮೆಯಾದಾಗಲೂ ಬಡಿತ ಏರುತ್ತದೆ. ಇವು ಯಾವುದೂ ಅಲ್ಲವೆಂದರೆ ಥೈರಾಯ್ಡ್ ಮತ್ತು ಹೀಮೋಗ್ಲೋಬಿನ್ ನೋಡಿಸಿ. ಟೈಪ್ 1 ಇರುವ ಮಕ್ಕಳಿಗೆ ಥೈರಾಯ್ಡ್ ತೊಂದರೆ ಬರುವುದು ಬೇರೆ ಮಕ್ಕಳಿಗಿಂತ ಜಾಸ್ತಿ. ರಕ್ತ ಕಡಿಮೆ ಇದ್ದರೆ ಬಡಿತವೂ ಏರುತ್ತದೆ, ಕಬ್ಬಿಣದ ಕೊರತೆಯಿಂದ ಎಚ್‌ಬಿಎ1ಸಿ ಕೂಡ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಆಡುವಾಗ ಎಚ್ಚರ ತಪ್ಪಿ ಬೀಳುವುದು, ಓಡುವಾಗ ಎದೆ ನೋವು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸಾವು, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಹೃದಯದ ಡಾಕ್ಟರಿಗೆ ತೋರಿಸಿ, ಇಸಿಜಿ ಮಾಡಿಸಿ. ವಾಂತಿ, ಹೊಟ್ಟೆನೋವು, ಆಳವಾದ ಉಸಿರಾಟದ ಜೊತೆ ಶುಗರ್ ಜಾಸ್ತಿ ಇದ್ದರೆ ಅದು ಕೀಟೋಆಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುವುದು) ಇರಬಹುದು. ಆಗ ಪೊಟ್ಯಾಶಿಯಂ ಏರುಪೇರಾಗಿ ಬಡಿತವೇ ತಪ್ಪಬಹುದು. ನೇರ ಆಸ್ಪತ್ರೆಗೆ ಹೋಗಬೇಕು.

ಬ್ಯಾಡ್ಮಿಂಟನ್ ಯಾಕೆ ಬಿಡಿಸಿದಿರಿ? ನಿಮ್ಮ ಹೃದಯದ ಡಾಕ್ಟರು ಬೇಡ ಎಂದು ಹೇಳದಿದ್ದರೆ, ಮತ್ತು ಮೇಲೆ ಬರೆದ ಎಚ್ಚರಿಕೆಯ ಲಕ್ಷಣಗಳು ಇಲ್ಲದಿದ್ದರೆ, ಈ ವಾರವೇ ಮತ್ತೆ ಶುರು ಮಾಡಿಸಿ. ದಿನಕ್ಕೆ ಒಂದು ಗಂಟೆ ಮೈ ಬೆವರುವಷ್ಟು ಆಟ ಎಲ್ಲ ಮಕ್ಕಳಿಗೂ ಬೇಕು, ಡಯಾಬಿಟಿಸ್ ಇರುವವರಿಗೆ ಇನ್ನೂ ಬೇಕು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತನಾಳದ ಒಳಪದರಕ್ಕೆ ಒಳ್ಳೆಯದು, ಬಿಪಿ ಇಳಿಯುತ್ತದೆ. ಆಟಕ್ಕೆ ಇಳಿಯುವಾಗ ಶುಗರ್ 126ರಿಂದ 180 ಇದ್ದರೆ ಚೆನ್ನ. 90ರ ಕೆಳಗಿದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ಕೊಟ್ಟು, ಏರಿದ ಮೇಲೆ ಕಳಿಸಿ. 270 ದಾಟಿದ್ದರೆ ಕೀಟೋನ್ ನೋಡಿ. ರಕ್ತದ ಕೀಟೋನ್ 1.5 ಅಥವಾ ಜಾಸ್ತಿ ಇದ್ದರೆ ಅವತ್ತು ಆಟ ಬೇಡ. ಹಿಂದಿನ 24 ಗಂಟೆಯಲ್ಲಿ ತೀವ್ರ ಲೋ ಆಗಿದ್ದರೂ ಬೇಡ. ಸಂಜೆ ಜೋರಾಗಿ ಆಡಿದ ದಿನ ಮಧ್ಯರಾತ್ರಿಯ ಮೇಲೆ ಶುಗರ್ ಇಳಿಯಬಹುದು. ಅಂಥ ದಿನಕ್ಕೆ ಡೋಸ್ ಎಷ್ಟು ಕಡಿಮೆ ಮಾಡಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ನಿಮ್ಮ ಪತ್ರದಲ್ಲಿ ಎಕೋ ಇದೆ, ಸ್ಟ್ರೇನ್ ಇದೆ, ಆದರೆ ಬಿಪಿ ಎಷ್ಟು ಎಂದು ಎಲ್ಲೂ ಇಲ್ಲ. ಕೊಲೆಸ್ಟ್ರಾಲ್ ಇಲ್ಲ, ಮೂತ್ರದ ಅಲ್ಬುಮಿನ್ (ಮೂತ್ರದಲ್ಲಿ ಹೋಗುವ ಪ್ರೋಟೀನ್) ಇಲ್ಲ. ಮಕ್ಕಳಿಗೆ ಬಿಪಿ ನೋಡುವುದನ್ನು ಎಷ್ಟೋ ಕಡೆ ಮರೆತೇ ಬಿಡುತ್ತಾರೆ. ಇದು ನನಗೆ ತುಂಬ ಬೇಸರದ ವಿಷಯ. ಪ್ರತಿ ಭೇಟಿಯಲ್ಲೂ, ಅವಳ ತೋಳಿಗೆ ಸರಿಹೊಂದುವ ಪಟ್ಟಿಯಿಂದ ನೋಡಬೇಕು. ಈಗ ವಯಸ್ಸು, ಎತ್ತರದ ಕೋಷ್ಟಕ ಹಿಡಿದು ಲೆಕ್ಕ ಹಾಕುತ್ತಾರೆ. 13 ತುಂಬಿದ ಮೇಲೆ 120/80ರ ಕೆಳಗಿರಬೇಕು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 100ರ ಒಳಗಿರಲಿ. ಶುಗರ್ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಪರೀಕ್ಷೆ ಮಾಡಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ಊಟ, ಆಟ ಎಲ್ಲ ಸರಿಮಾಡಿದ ಮೇಲೂ ಈ ಕೊಲೆಸ್ಟ್ರಾಲ್ 130 ದಾಟಿಯೇ ಇದ್ದರೆ, ಹತ್ತು ವರ್ಷ ಮೇಲ್ಪಟ್ಟ ಮಕ್ಕಳಿಗೆ ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಡಾಕ್ಟರು ಯೋಚಿಸುತ್ತಾರೆ. ಮೂತ್ರದ ಅಲ್ಬುಮಿನ್ ಈ ವಯಸ್ಸಿನಿಂದ ವರ್ಷಕ್ಕೊಮ್ಮೆ ನೋಡಿಸಿ. ಕಿಡ್ನಿಯ ಮೊದಲ ತೊಂದರೆ ಕಾಣುವುದು ಅಲ್ಲಿ. ಕಿಡ್ನಿ ಕೆಟ್ಟರೆ ಹೃದಯದ ಅಪಾಯ ತುಂಬ ಏರುತ್ತದೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುವವರಿದ್ದರೆ ಅವಳ ಹತ್ತಿರ ಸೇದುವುದು ಬೇಡ.

ಟೈಪ್ 2 ಡಯಾಬಿಟಿಸ್ ಇರುವ ಮಕ್ಕಳ ಅಪ್ಪ ಅಮ್ಮಂದಿರು ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಲ್ಲಿ ಬಿಪಿ, ಕೊಲೆಸ್ಟ್ರಾಲ್ ತೊಂದರೆ ಕಾಯಿಲೆ ಗೊತ್ತಾದ ದಿನವೇ ಇರಬಹುದು. ಈ ಪರೀಕ್ಷೆಗಳನ್ನು ಅವತ್ತೇ ಶುರು ಮಾಡಬೇಕು.

ಕೊನೆಗೆ, ಮಗಳಿಗೆ ಏನು ಹೇಳುವುದು. 12 ವರ್ಷದ ಹುಡುಗಿಗೆ ನೀವು ಮುಚ್ಚಿಟ್ಟರೂ ಅರ್ಧ ಗೊತ್ತಿರುತ್ತದೆ. ಎಕೋ ಮಾಡಿಸಿದ್ದಾರೆ, ಆಟ ಬಿಡಿಸಿದ್ದಾರೆ, ಅಮ್ಮ ರಾತ್ರಿ ಎದ್ದು ಕೂರುತ್ತಾಳೆ. ಅವಳು ಏನೇನೋ ಊಹಿಸಿಕೊಂಡಿರುತ್ತಾಳೆ. ಆದ್ದರಿಂದ ನಿಜವನ್ನೇ ಹೇಳಿ: ‘ನಿನ್ನ ಹೃದಯ ಚೆನ್ನಾಗಿದೆ. ಶುಗರ್ ಜಾಸ್ತಿ ಇದ್ದುದರಿಂದ ಅದು ಸ್ವಲ್ಪ ಬಿಗಿಯಾಗಿದೆ ಎಂದು ಪರೀಕ್ಷೆಯಲ್ಲಿ ಕಂಡಿದೆ. ಶುಗರ್ ಇಳಿಸಿದರೆ ಅದಕ್ಕೆ ಒಳ್ಳೆಯದು. ಇಳಿಸುವುದು ನಿನ್ನೊಬ್ಬಳ ಕೆಲಸ ಅಲ್ಲ, ನಾವೆಲ್ಲ ಸೇರಿ ಮಾಡೋಣ.’ ಇಷ್ಟು ಸಾಕು. ಹೃದಯಾಘಾತದ ಮಾತು ಎತ್ತಿ ಹೆದರಿಸಿದರೆ ಈ ವಯಸ್ಸಿನ ಮಕ್ಕಳು ಶುಗರ್ ನೋಡುವುದನ್ನೇ ಬಿಡುತ್ತಾರೆ. ಮೀಟರ್‌ನಲ್ಲಿ 300 ಕಂಡಾಗ ‘ಏನು ತಿಂದೆ?’ ಎಂದು ಕೇಳುವುದನ್ನು ನಿಲ್ಲಿಸಿ. ಬೈದರೆ ಮುಂದಿನ ಸಲ ಪುಸ್ತಕದಲ್ಲಿ 140 ಎಂದು ಸುಳ್ಳು ಬರೆಯುತ್ತಾಳೆ, ನಾವು ಆ ಸುಳ್ಳನ್ನು ನೋಡಿ ಡೋಸ್ ಹಾಕುತ್ತೇವೆ. ‘300 ಇದೆಯಾ, ಸರಿ, ಈಗ ಎಷ್ಟು ಯೂನಿಟ್ ಬೇಕು?’ ಎಂದು ಕೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅವಳ ಪರವಾಗಿ ನೀವು ಉತ್ತರ ಹೇಳಬೇಡಿ, ಎಲ್ಲಿ ಚುಚ್ಚಿಸಿಕೊಳ್ಳುತ್ತಾಳೆ, ಯಾಕೆ, ರಾತ್ರಿ ಏನನಿಸುತ್ತದೆ ಎಂದು ಅವಳ ಬಾಯಿಂದಲೇ ಬರಲಿ.